ದಡದಲ್ಲಿ ಉರಿಯುತ್ತಿದ್ದ ಇದ್ದಲು

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ನಾನು ಒಂಬತ್ತು ವರ್ಷ ಭಾನುವಾರ ಶಾಲೆಯ ಮಕ್ಕಳಿಗೆ ಕಲಿಸಿದ್ದೇನೆ. ಶಿಷ್ಯರ ಬಲೆಗೆ ಬಿದ್ದ ಮೀನುಗಳು 153 ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಯಾರೋ ಕುಳಿತು ಎಣಿಸಿದ್ದಾರಲ್ಲ ಎಂಬ ಬೆರಗು ಅವರಿಗೆ. ನಾನೂ ಆ ಸಂಖ್ಯೆಯಲ್ಲೇ ಹೊತ್ತು ಕಳೆದು, ಮುಂದೆ ಯೇಸುವಿಗೂ ಆತನ ಶಿಷ್ಯ ಪೇತ್ರನಿಗೂ ನಡೆಯುವ ಮಾತನ್ನು ಗಡಿಬಿಡಿಯಲ್ಲಿ ಮುಗಿಸುತ್ತಿದ್ದೆ. ಪೇತ್ರನ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ.

ಹಿಂದೆ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ನನಗಿಂತ ನಾಲ್ಕು ವರ್ಷ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಕೆಲಸ ಕಲಿಸಿದವರು. ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಒಂದು ಸಂಜೆ ನಾನು ಖಾತೆಯ ಸಂಖ್ಯೆಯನ್ನು ತಪ್ಪಾಗಿ ತುಂಬಿದೆ. ಅಕ್ಕ ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದರು. ಹಣ ಬೇರೆಲ್ಲಿಗೋ ಹೋಯಿತು. ವಿಚಾರಣೆಯಲ್ಲಿ ಸಂಖ್ಯೆ ತುಂಬಿದವರು ಯಾರೆಂದು ಕೇಳಿದಾಗ ನೆನಪಿಲ್ಲ ಎಂದೆ. ಬಾಯಲ್ಲೂ ಹೇಳಿದೆ, ಬರೆದೂ ಕೊಟ್ಟೆ. ಅಕ್ಕನ ಬಡ್ತಿ ನಿಂತಿತು, ವರ್ಗವೂ ಆಯಿತು. ಹೊರಡುವ ದಿನ ಅವರು ನನ್ನ ಮೇಜಿನ ಬಳಿ ಬಂದು ನಿಂತರು. ನಾನು ತಲೆಯೆತ್ತಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಬಹಳ ಭಕ್ತಳಾದೆ. ಉಪವಾಸ, ಪ್ರಾರ್ಥನೆ, ಮಕ್ಕಳಿಗೆ ಪಾಠ, ಯಾರು ಕರೆದರೂ ಸೇವೆ. ಕೃಪೆ ಎಂಬ ಪದವನ್ನು ಬಾಯ್ತುಂಬ ಹೇಳುತ್ತಿದ್ದೆನಾದರೂ ನನ್ನ ಮನಸ್ಸಿನಲ್ಲಿದ್ದದ್ದು ಪರೀಕ್ಷೆಯ ಕೃಪಾಂಕ. ತೇರ್ಗಡೆಗೆ ಐದಾರು ಅಂಕ ಕಡಿಮೆ ಬಿದ್ದವರಿಗೆ ಕೊಡುತ್ತಾರಲ್ಲ, ಅದು. ಆದಷ್ಟು ನಾನು ಗಳಿಸಬೇಕು, ಉಳಿದ ಕೊರತೆಯನ್ನು ದೇವರು ತುಂಬುತ್ತಾನೆ ಎಂದುಕೊಂಡಿದ್ದೆ. ರೋಮಾಪುರದವರಿಗೆ ಪೌಲನು ಬರೆದ ಪತ್ರದ ಐದನೆಯ ಅಧ್ಯಾಯ ಹೇಳುವುದೇ ಬೇರೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು ಎನ್ನುತ್ತಾನೆ ಪೌಲ. ಎರಡು ವಚನ ದಾಟಿದರೆ ‘ವೈರಿಗಳಾಗಿದ್ದಾಗ’ ಎಂದೇ ಬರೆಯುತ್ತಾನೆ. ಅಂಚಿನಲ್ಲಿ ನಪಾಸಾದವರ ಮಾತಲ್ಲ ಅದು. ಈ ವಚನಗಳು ನನಗೆ ಬಾಯಿಪಾಠವಾಗಿದ್ದವು. ಆದರೂ ಅಂಕ ಕೂಡಿಸುವುದನ್ನು ಬಿಟ್ಟಿರಲಿಲ್ಲ.

ಎಂಟು ವರ್ಷಗಳ ನಂತರ ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ತಾಯಿ ಆಸ್ಪತ್ರೆಯಲ್ಲಿದ್ದಾರೆ, ತಾನು ಮೂರು ರಾತ್ರಿ ನಿದ್ದೆಗೆಟ್ಟಿದ್ದೇನೆ, ಇಂದು ರಾತ್ರಿ ನೀನು ಬಂದು ಇರುತ್ತೀಯಾ ಎಂದು ಕೇಳಿದರು. ಹೋದೆ. ವಾರ್ಡಿನ ಹೊರಗೆ ಸಿಕ್ಕ ಕೂಡಲೇ, ಅಕ್ಕ, ಆ ಸಂಖ್ಯೆ ತುಂಬಿದ್ದು ನಾನು ಎಂದು ಶುರುಮಾಡಿದೆ. ಎಂಟು ವರ್ಷ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತು ಎರಡು ವಾಕ್ಯವೂ ಆಗಿರಲಿಲ್ಲ.

“ನನಗೆ ಆಗಲೇ ಗೊತ್ತಿತ್ತು. ನಿನ್ನ ಮೇಲೆ ತುಂಬ ಸಿಟ್ಟಿತ್ತು, ಬಹಳ ದಿನ ಇತ್ತು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೈಗೆ ಕಡತ ಕೊಟ್ಟರು. “ಹನ್ನೊಂದು ಗಂಟೆಗೆ ಮಾತ್ರೆ. ಅಮ್ಮನಿಗೆ ಕತ್ತಲೆಂದರೆ ಹೆದರಿಕೆ, ದೀಪ ಆರಿಸಬೇಡ.”

ಮಾತ್ರೆ ಕೊಟ್ಟ ಮೇಲೆ ಆ ದೀಪದ ಬೆಳಕಿನಲ್ಲಿ ಯೋಹಾನನ ಸುವಾರ್ತೆ ತೆರೆದೆ. ಹದಿನೆಂಟನೆಯ ಅಧ್ಯಾಯದಲ್ಲಿ ಚಳಿಯ ರಾತ್ರಿ, ಮಹಾಯಾಜಕನ ಅಂಗಳ, ಇದ್ದಲಿನ ಬೆಂಕಿ. ಪೇತ್ರನು ಅಲ್ಲಿ ಮೈ ಕಾಯಿಸಿಕೊಳ್ಳುತ್ತಾ ತಾನು ಯೇಸುವಿನವನಲ್ಲ ಎನ್ನುತ್ತಾನೆ. ಇಪ್ಪತ್ತೊಂದರಲ್ಲಿ ಬೆಳಗಿನ ಜಾವ, ಸರೋವರದ ದಡ, ಮತ್ತೆ ಇದ್ದಲಿನ ಬೆಂಕಿ. ಇದಕ್ಕೆ ಬಳಸಿರುವ ‘ಅಂತ್ರಕಿಯಾ’ ಎಂಬ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಮಾತ್ರ ಬರುತ್ತದೆ ಎಂದು ಆಮೇಲೆ ತಿಳಿಯಿತು. ಆ ರಾತ್ರಿ ನನಗೆ ಕಂಡದ್ದು ಇಷ್ಟೇ: ಪೇತ್ರ ನೀರಿಗೆ ಹಾರಿ, ಇನ್ನೂರು ಮೊಳ ದಾಟಿ ದಡ ಮುಟ್ಟುವಾಗ ಕೆಂಡ ಆಗಲೇ ಸಿದ್ಧವಾಗಿದೆ. ಅದರ ಮೇಲೆ ಮೀನೂ ಇದೆ. ಅವನ ದೋಣಿಯ 153 ಇನ್ನೂ ದಡಕ್ಕೆ ಬಂದಿಲ್ಲ.

ಅನಂತರ ಮೂರು ಬಾರಿ ಒಂದೇ ಪ್ರಶ್ನೆ, ನನ್ನನ್ನು ಪ್ರೀತಿಸುತ್ತೀಯೋ ಎಂದು. ಇಲ್ಲಿ ಪ್ರೀತಿಸುವುದಕ್ಕೆ ಎರಡು ಗ್ರೀಕ್ ಕ್ರಿಯಾಪದಗಳಿವೆ. ಅವುಗಳ ನಾಮರೂಪ ಹಿಡಿದು, ‘ಅಗಾಪೆ’ ಮೇಲಿನ ಪ್ರೀತಿ, ‘ಫಿಲಿಯಾ’ ಕೆಳಗಿನದು ಎಂದು ನಾನೂ ಮಕ್ಕಳಿಗೆ ಹೇಳಿದ್ದುಂಟು. ಈಗ ಹೇಳುವುದಿಲ್ಲ. ತಂದೆಗೆ ಮಗನ ಮೇಲಿರುವ ಪ್ರೀತಿಯನ್ನೇ ಯೋಹಾನನು ಒಂದು ಕಡೆ ಮೊದಲನೆಯ ಕ್ರಿಯಾಪದದಿಂದ, ಇನ್ನೊಂದು ಕಡೆ ಎರಡನೆಯದರಿಂದ ಹೇಳುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸುವುದು ಯೇಸು ಕೇಳದೆ ಬಿಟ್ಟ ಪ್ರಶ್ನೆ. ಯಾಕೆ ಹಾಗೆ ಮಾಡಿದೆ ಎಂದು ಆತ ಕೇಳುವುದೇ ಇಲ್ಲ. ಪ್ರತಿ ಉತ್ತರಕ್ಕೂ ಒಂದು ಕೆಲಸ ಒಪ್ಪಿಸುತ್ತಾನೆ: ನನ್ನ ಕುರಿಗಳನ್ನು ನೋಡಿಕೋ. ಮೂರನೆಯ ಸಲ ಪೇತ್ರನಿಗೆ ದುಃಖವಾಗುತ್ತದೆ. ಆ ನೋವನ್ನು ಯೇಸು ತಪ್ಪಿಸುವುದೂ ಇಲ್ಲ.

ಪಶ್ಚಾತ್ತಾಪ ಬೇಡದ ಕ್ಷಮೆಯನ್ನು ಜರ್ಮನಿಯ ಪಾದ್ರಿ ಡೀಟ್ರಿಕ್ ಬೊನ್‌ಹಾಫರ್ 1937ರಲ್ಲಿ ಅಗ್ಗದ ಕೃಪೆ ಎಂದು ಕರೆದರು. 1945ರ ಏಪ್ರಿಲಿನಲ್ಲಿ ನಾಜಿಗಳು ಗಲ್ಲಿಗೇರಿಸಿದ ಮನುಷ್ಯನ ಮಾತು. ನನಗೆ ಅದನ್ನು ಹಗುರವಾಗಿ ಓದಲಾಗದು. ಮರುವಾರ ನಾನು ಹಳೆಯ ಕಚೇರಿಗೆ ನಡೆದದ್ದೆಲ್ಲವನ್ನೂ ಬರೆದು ಕಳಿಸಿದೆ. ಅಕ್ಕನ ಕಳೆದುಹೋದ ವರ್ಷಗಳು ಅದರಿಂದ ಮರಳಿ ಬರಲಿಲ್ಲ. ಆದರೆ ಆ ಪತ್ರ ಬರೆಯುವಾಗ, ಬಹಳ ಕಾಲದ ನಂತರ, ನಾನು ಅಂಕ ಎಣಿಸುತ್ತಿರಲಿಲ್ಲ.

ಆ ರಾತ್ರಿ ನಾಲ್ಕರ ಸುಮಾರಿಗೆ ಅಮ್ಮ ಎಚ್ಚರಗೊಂಡರು. ನನ್ನ ಮುಖವನ್ನು ಬಹಳ ಹೊತ್ತು ನೋಡಿ, ನೀನು ಯಾರಮ್ಮ ಎಂದು ಕೇಳಿದರು. ಗೆಳತಿ ಎನ್ನಲು ನಾಲಿಗೆ ಏಳಲಿಲ್ಲ.

“ಅಕ್ಕ ನನಗೆ ಇಲ್ಲಿರಲು ಹೇಳಿದ್ದಾರೆ” ಎಂದೆ.

ಹೌದಾ ಎಂದು ಅವರು ನೀರಿಗಾಗಿ ಕೈಚಾಚಿದರು.