ಪಾದ್ರಿಗೆ ಸರ್ವಜ್ಞನೇಕೆ?

ಮೊನ್ನೆ ಭಾನುವಾರ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಮಕ್ಕಳ ತ್ರಿಪದಿ ಸ್ಪರ್ಧೆ. ನನ್ನ ಜೊತೆ ತೀರ್ಪುಗಾರರಾಗಿದ್ದವರು ಒಬ್ಬ ನಿವೃತ್ತ ಮೇಷ್ಟರು. ‘ನಡೆವುದೊಂದೇ ಭೂಮಿ’ ಎಂದು ಗಟ್ಟಿಯಾಗಿ ಶುರು ಮಾಡಿದ ಹುಡುಗ ಮೂರನೆಯ ಸಾಲಿಗೆ ಬಂದು ತಡವರಿಸಿದ. ಅಂಗಿಯ ಗುಂಡಿ ತಿರುವುತ್ತ ಸೂರು ನೋಡಿದ. ಕೊನೆಗೆ ಒಂದೇ ನೆಗೆತಕ್ಕೆ ‘ಸರ್ವಜ್ಞ’ ಎಂದು ಕೈಮುಗಿದುಬಿಟ್ಟ. ‘ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಸಿದ ಉತ್ತಂಗಿ ಚನ್ನಪ್ಪನವರು ಇದ್ದಿದ್ದರೆ ಆ ಸಾಲು ಹೇಳಿಕೊಡುತ್ತಿದ್ದರು’ ಎಂದೆ ನಗುತ್ತ.

ಮೇಷ್ಟರು ಅಂಕಪಟ್ಟಿಯಿಂದ ತಲೆಯೆತ್ತಲಿಲ್ಲ. ‘ಪಾದ್ರಿಯಲ್ಲವೇ ಅವರು? ಮತಾಂತರಕ್ಕೆಂದು ಕಲಿತಿರುತ್ತಾರೆ, ಬಿಡಿ.’

ಮನೆಗೆ ಬಂದರೂ ಅದೇ ಮಾತು ಕಿವಿಯಲ್ಲಿ. ಮೇಷ್ಟರು ಕೆಟ್ಟವರಲ್ಲ, ಆ ಹುಡುಗನಿಗೆ ನನಗಿಂತ ಹೆಚ್ಚು ಅಂಕ ಕೊಟ್ಟವರು. ಆದರೆ ಯಾರ ಕೆಲಸ ಕಂಡರೂ ಮೊದಲು ಹುಳುಕು ಹುಡುಕುವ ಚಾಳಿ ಅವರದು.

ಧಾರವಾಡದಲ್ಲಿ 1881ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ, ಬಾಸೆಲ್ ಮಿಷನ್ನಿನ ಪಾದ್ರಿಯಾದವರು ಚನ್ನಪ್ಪನವರು. ಚರ್ಚಿನ ಕೆಲಸದ ನಡುವೆಯೇ ಓಲೆಗರಿ ಹುಡುಕಿ, ಜನರ ಬಾಯಲ್ಲಿದ್ದದ್ದನ್ನು ಬರೆದುಕೊಂಡು, 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚಿಗೆ ತಂದರು. ಇವರಿಗೆ ಉದ್ದೇಶವೇ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದು ಪುಸ್ತಕಕ್ಕೇ ಹೆಸರಿಟ್ಟ ಮನುಷ್ಯ ತನ್ನ ನಂಬಿಕೆಯನ್ನು ಬಗಲಲ್ಲಿ ಬಚ್ಚಿಟ್ಟುಕೊಂಡು ತಿರುಗಿದವರಲ್ಲ. ಅಲ್ಲ, ಮಠದವರು ವಚನ ಅಚ್ಚು ಹಾಕಿಸಿದರೆ ಯಾಕೆಂದು ಯಾರಾದರೂ ಕೇಳುತ್ತೇವೆಯೇ? ನಂಬಿಕೆಯುಳ್ಳವರ ವಿದ್ವತ್ತೆಲ್ಲ ಸೋಗು ಎನ್ನುವುದಾದರೆ ನಮ್ಮ ಹಳಗನ್ನಡದ ಕಪಾಟಿನಲ್ಲಿ ಜೈನ ಕವಿಗಳ ಒಂದು ಕಾವ್ಯವೂ ಉಳಿಯುವುದಿಲ್ಲ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅಧ್ಯಕ್ಷರೆಂದು ಕೂರಿಸಿದ್ದು ಈ ಪಾದ್ರಿಯನ್ನೇ. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ತಕರಾರು ಎದ್ದಾಗ, ಇತ್ತು ಎಂದು ಪುಸ್ತಕ ಬರೆದು ವಾದಿಸಿದವರೂ ಇವರೇ. ಆ ಪುಸ್ತಕ ಓದಿ ಕ್ರೈಸ್ತರಾದವರು ಯಾರಾದರೂ ಇದ್ದರೆ ಮೇಷ್ಟರೇ ತೋರಿಸಲಿ.