ಭೂಮಣ್ಣಿ ಬುಟ್ಟಿ: ಹುಣ್ಣಿಮೆಗೆ ಇನ್ನು 24 ದಿನ

24 ದಿನ ಬಾಕಿ

ಈ ಸಲ ಬುಟ್ಟಿ ಎರಡು. ದೊಡ್ಡದು ಭೂಮಣ್ಣಿ ಬುಟ್ಟಿ, ಸಣ್ಣದು ಹಚ್ಚಂಬಲಿ ಬುಟ್ಟಿ. ಭೂಮಿ ಹುಣ್ಣಿಮೆ ಎಂದೂ ಕರೆಯುವ ಸೀಗೆ ಹುಣ್ಣಿಮೆಯ ದಿನ ಗದ್ದೆಯ ಭತ್ತಕ್ಕೆ ಬಯಕೆಯ ಊಟ ಒಯ್ಯುವ, ಸಗಣಿ ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬಿದಿರ ಬುಟ್ಟಿಗಳು ಇವು. ಅವತ್ತು ನಸುಕಿನಲ್ಲಿ ಗದ್ದೆಗೆ ಹೊರಡುವ ಹೊತ್ತಿಗೆ ಎರಡೂ ಒಣಗಿ ಚಿತ್ತಾರ ಮುಗಿದಿರಬೇಕು. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಹಳೆ ಬುಟ್ಟಿಯನ್ನೇ ವರ್ಷ ವರ್ಷ ಹೊಸದು ಮಾಡುವುದು ರೂಢಿ. ಅದಕ್ಕೆ ದಸರೆ ಹೊತ್ತಿಗೆ ಅಟ್ಟದಿಂದ ಇಳಿಸಿದರೂ ನಡೆಯುತ್ತದೆ. ಬುಟ್ಟಿ ಹೊಸದಾದರೆ ಪಿತೃಪಕ್ಷದಲ್ಲೇ ಕೈ ಹಾಕಬೇಕು. ನೋಡುವವರಿಗೆ ಇದು ಗೆರೆ ಎಳೆಯುವ ಕೆಲಸ. ಅಸಲಿಗೆ ಮುಕ್ಕಾಲು ಪಾಲು ಕೆಲಸ ಗೆರೆ ಕೂರಲು ನೆಲ ಕಟ್ಟುವುದು, ಅದು ಒಣಗುವ ತನಕ ಕಾಯುವುದು.

ಇವತ್ತು ಮಾಡಿದ್ದು ಪುಂಡಿ ಕೊಳೆ ಹಾಕುವುದೊಂದೇ. ಚಿತ್ತಾರದ ಕುಂಚಕ್ಕೆ ಬೇಕಾದದ್ದು ಪುಂಡಿ ನಾರು. ಬಯಲುಸೀಮೆಯವರು ಸೊಪ್ಪಿಗಾಗಿ ಬೆಳೆಯುವ ಪುಂಡಿಯ ಕುಲದ್ದೇ, ಆದರೆ ನಮಗೆ ಬೇಕಿರುವುದು ಕಾಂಡ. ಗಿಡ ಹೂ ಬಿಡಲು ಶುರುಮಾಡಿದಾಗ ಕಡಿದರೆ ನಾರು ಗಟ್ಟಿಯೂ ಹೌದು, ಸಣ್ಣಗೆ ಸೀಳುವುದೂ ಹೌದು. ಕಾಯಿ ಕಟ್ಟಿದ ಮೇಲೆ ಕಡಿದರೆ ನಾರು ಒರಟಾಗಿ ಕುಂಚದ ತುದಿ ಪೊರಕೆಯಂತೆ ಕೆದರುತ್ತದೆ. ಹೆಬ್ಬೆರಳು ಗಾತ್ರದ ಆರು ಕಾಂಡ ಸಾಕು. ಎಲೆ ಸವರಿ, ಎರಡಡಿ ಉದ್ದಕ್ಕೆ ತುಂಡು ಮಾಡಿ, ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ, ತೇಲದ ಹಾಗೆ ಮೇಲೊಂದು ಕಲ್ಲು ಹೇರಿದ್ದಾಗಿದೆ. ಡ್ರಮ್ಮು ಮನೆಯಿಂದ ದೂರ, ಕೊಟ್ಟಿಗೆಯ ಹಿಂದೆ. ನಾಲ್ಕನೇ ದಿನದಿಂದ ಬರುವ ವಾಸನೆ ಕಂಡವರಿಗೆ ಕಾರಣ ಹೇಳಬೇಕಿಲ್ಲ.

20 ದಿನ

ದೊಡ್ಡ ಬುಟ್ಟಿಯ ಬಾಯಿ 14 ಅಂಗುಲ, ತಳ 11, ಎತ್ತರ 9. ಸಣ್ಣದರ ಬಾಯಿ 8 ಅಂಗುಲ. ಸಂತೆಯಲ್ಲಿ ಕೊಳ್ಳುವಾಗ ನೋಡಬೇಕಾದ್ದು ಮೂರು. ಮಗುಚಿ ಇಟ್ಟಾಗ ಬಾಯಿಯ ಅಂಚು ನೆಲಕ್ಕೆ ಸುತ್ತಲೂ ಕೂರಬೇಕು, ಇಲ್ಲದಿದ್ದರೆ ಅಡ್ಡಗೆರೆಗಳೆಲ್ಲ ಸೊಟ್ಟಗಾಗುತ್ತವೆ. ನೆಯ್ಗೆಯ ಸಂದಿ ಕಿರುಬೆರಳ ತುದಿ ತೂರದಷ್ಟಿರಬೇಕು. ಬಿಳಿ ಕಾಗದದ ಮೇಲೆ ಬುಟ್ಟಿ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಬಾರದು. ಉದುರಿದರೆ ಬಿದಿರಿಗೆ ಹುಳ ಹೊಡೆದಿದೆ ಎಂದರ್ಥ. ಸಗಣಿ ಬಳಿದು ಮುಚ್ಚಿದರೂ ಹುಳ ಸುಮ್ಮನಿರುವುದಿಲ್ಲ, ಹಬ್ಬದ ಹಿಂದಿನ ದಿನ ಚಿತ್ತಾರದ ನಡುವೆ ಗುಂಡುಸೂಜಿಯ ತೂತು ತೆಗೆದು ಹೊರಗೆ ಬರುತ್ತದೆ.

ಹೊಸ ಬಿದಿರಿನ ಹೊರಮೈಗೆ ಹಸಿರು ನುಣುಪು ಇರುತ್ತದೆ, ಅದರ ಮೇಲೆ ಸಗಣಿ ಹಿಡಿಯುವುದಿಲ್ಲ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಲ್ಲಿ ಬೂದಿ ಹಾಕಿ ತಿಕ್ಕಿ, ಎರಡು ದಿನ ನೆರಳಿನಲ್ಲಿ ಒಣಗಿಸಬೇಕು.

17 ದಿನ

ಮೊದಲ ಲೇಪ. ಹಸಿ ಸಗಣಿ ಎರಡು ಪಾಲು, ಜರಡಿ ಹಿಡಿದ ಕೆಮ್ಮಣ್ಣು ಒಂದು ಪಾಲು. ದೊಡ್ಡ ಬುಟ್ಟಿಗೆ ಮುಕ್ಕಾಲು ಕೆ.ಜಿ. ಸಗಣಿ ಹಿಡಿಯಿತು. ಒಣಹುಲ್ಲು ಮೇಯುವ ದನದ ಸಗಣಿಯಲ್ಲಿ ಉದ್ದ ಎಳೆಗಳಿರುತ್ತವೆ, ಅವನ್ನು ಆರಿಸಿ ತೆಗೆಯದಿದ್ದರೆ ಒಣಗಿದ ಮೇಲೆ ಮುಳ್ಳಿನಂತೆ ಏಳುತ್ತವೆ. ಚಪಾತಿ ಹಿಟ್ಟಿಗಿಂತ ಸಡಿಲ, ದೋಸೆ ಹಿಟ್ಟಿಗಿಂತ ಗಟ್ಟಿ ಹದಕ್ಕೆ ಕಲಸಿ, ಮೊದಲು ಹೆಬ್ಬೆರಳಿನಿಂದ ಸಂದಿಗಳಿಗೆ ಒತ್ತಿ ತುಂಬಬೇಕು. ಸಂದಿ ತುಂಬದೆ ಮೇಲೆ ಮಾತ್ರ ಬಳಿದರೆ ಲೇಪ ಒಣಗಿದ ಮೇಲೆ ಹಪ್ಪಳದಂತೆ ಒಂದೇ ತುಂಡಾಗಿ ಕಳಚುತ್ತದೆ. ಒಳಗೂ ಹೊರಗೂ ಬಳಿದಾಯಿತು, ದಪ್ಪ ಎರಡು ಮಿಲಿಮೀಟರಿಗಿಂತ ಹೆಚ್ಚಿಲ್ಲ.

ಸಣ್ಣ ಬುಟ್ಟಿಯಲ್ಲಿ ಎಡವಟ್ಟಾಯಿತು. ಬೇಗ ಒಣಗಲಿ ಎಂದು ಅಂಗಳದ ಬಿಸಿಲಿಗೆ ಇಟ್ಟಿದ್ದಕ್ಕೆ ಮಧ್ಯಾಹ್ನದೊಳಗೆ ಬಿರುಕು. ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ ಹಸಿ ಕುಗ್ಗಿರುವುದಿಲ್ಲ, ಆ ಎಳೆದಾಟದಲ್ಲಿ ಮೈ ಸೀಳುತ್ತದೆ. ಬಿರುಕಿಗೆ ತೆಳ್ಳಗಿನ ಸಗಣಿ ನೀರು ಹಾಯಿಸಿ ಬೆರಳಿನಿಂದ ತೀಡಿ, ಈಗ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದೆ. ಈ ತಿಂಗಳಲ್ಲಿ ಮಲೆನಾಡಿನಲ್ಲಿ ಬೆಳಗ್ಗೆ ಮಂಜು, ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು. ಒಣಗಿಸುವ ಕೆಲಸಕ್ಕೆ ಒಲೆಯಷ್ಟು ನಂಬಿಕಸ್ಥ ಬೇರೆ ಯಾವುದೂ ಇಲ್ಲ.

ಒಣಗಿತೋ ಇಲ್ಲವೋ ಎಂದು ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಮೇಲ್ಮೈ ಸುಳ್ಳು ಹೇಳುತ್ತದೆ. ಅಡುಗೆಮನೆಯ ತೂಕದ ಯಂತ್ರದಲ್ಲಿ ದಿನಕ್ಕೊಮ್ಮೆ ತೂಗಿ ಬರೆದಿಡುವುದು ಒಳ್ಳೆಯದು. ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಒಣಗಿದೆ ಎಂದೇ ಲೆಕ್ಕ.

13 ದಿನ

ದಸರಾ ರಜೆ. ಮನೆಯಲ್ಲಿ ಕೈಗಳು ಹೆಚ್ಚಾಗಿವೆ. ಸಣ್ಣ ಬುಟ್ಟಿ ಪೂರ್ತಿ ಮಕ್ಕಳಿಗೆ ಬಿಟ್ಟಿದ್ದು.

ಎರಡನೇ ಲೇಪ ಸಗಣಿ ಮತ್ತು ಮಣ್ಣು ಸಮಪಾಲು, ಇನ್ನೂ ತೆಳು. ಅದು ಒಣಗುವ ಹೊತ್ತಿನಲ್ಲಿ ಕೆಮ್ಮಣ್ಣು ತಿಳಿ ಮಾಡಿಕೊಳ್ಳುವುದು. ಜಂಬಿಟ್ಟಿಗೆ ಕಲ್ಲು ಕಡಿದ ಧರೆಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಬಣ್ಣ ಗಾಢ. ರಸ್ತೆ ಬದಿಯ ಮಣ್ಣಿಗೆ ಮರಳೇ ಜಾಸ್ತಿ. ಒಂದು ಕೆ.ಜಿ. ಮಣ್ಣನ್ನು ಅರ್ಧ ಬಕೆಟ್ ನೀರಿಗೆ ಹಾಕಿ ಕೈಯಾಡಿಸಿ, ನೂರು ಎಣಿಸುವಷ್ಟು ಹೊತ್ತು ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ತಿಳಿನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಮಣ್ಣು. ಅರ್ಧ ಲೀಟರಿಗೆ ಎರಡು ಚಮಚ ಗಂಜಿ ತಿಳಿ ಸೇರಿಸಬೇಕು. ಗಂಜಿ ಇಲ್ಲದಿದ್ದರೆ ಬುಟ್ಟಿ ಹಿಡಿದವರ ಕೈಯೆಲ್ಲ ಕೆಂಪು. ಹೆಚ್ಚಾದರೆ ಮೈ ಮಿರುಗುತ್ತದೆ, ಗೆರೆಯ ನೀರನ್ನು ಹೀರುವುದಿಲ್ಲ, ಎಳೆ ಎರಡೂ ಬದಿಗೆ ಹರಡಿಕೊಳ್ಳುತ್ತದೆ. ಒಣಗಿದ ಕೆಮ್ಮಣ್ಣಿನ ಮೇಲೆ ನೀರಿನ ಹನಿ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗಬೇಕು, ಅದೇ ಹದ.

12 ದಿನ

ಪುಂಡಿ ತೆಗೆದಾಯಿತು. ಎಂಟನೇ ದಿನದಿಂದ ದಿನಾ ಒಂದು ಕಾಂಡ ಎತ್ತಿ ನೋಡಬೇಕು. ಬುಡದಲ್ಲಿ ಉಗುರು ಹಾಕಿ ಎಳೆದಾಗ ಸಿಪ್ಪೆ ಕಡ್ಡಿಯಿಂದ ತಡೆಯಿಲ್ಲದೆ ಬಂದರೆ ಆಯಿತು. ಇನ್ನೂ ಬಿಟ್ಟರೆ ನಾರೇ ಕೊಳೆತು ಕೈಯಲ್ಲಿ ತುಂಡಾಗುತ್ತದೆ. ಹರಿಯುವ ನೀರಿನಲ್ಲಿ ತೊಳೆದು, ನೆರಳಿಗೆ ಹರವಿ, ಹಳೆ ಬಾಚಣಿಗೆಯಲ್ಲಿ ಬಾಚಿದ್ದು. ಬುಡದ ಒಂದು ಗೇಣು ನಾರು ಒರಟು, ತುದಿಯದ್ದು ಬಲಹೀನ. ಕುಂಚಕ್ಕೆ ನಡುವಿನದೇ ಸರಿ.

ಹತ್ತು ಎಳೆಯದೊಂದು, ಇಪ್ಪತ್ತು ಎಳೆಯದೊಂದು ಕುಂಚ. ನಾಲ್ಕು ಅಂಗುಲಕ್ಕೆ ಕತ್ತರಿಸಿ, ದಾರ ಬಿಗಿಯಾಗಿ ಸುತ್ತಿ, ತುದಿ ಒಂದೂವರೆ ಅಂಗುಲ ಬಿಟ್ಟಿದೆ. ಅಂಗಡಿಯ ಕುಂಚದಂತೆ ಗಿಡ್ಡ ಬಿಡುವುದು ಹೊಸಬರ ತಪ್ಪು. ಉದ್ದ ನಾರು ಮೈಮೇಲೆ ಮಲಗಿ ತೆವಳಿಕೊಂಡು ಬರುತ್ತದೆ, ಕೈಯ ಸಣ್ಣ ನಡುಕವನ್ನೆಲ್ಲ ಅದೇ ನುಂಗಿಕೊಳ್ಳುತ್ತದೆ.

11 ದಿನ

ಅಭ್ಯಾಸಕ್ಕೆ ಸ್ಲೇಟು. ಕರೀ ಕಲ್ಲಿನ ಹಳೆ ಸ್ಲೇಟೇ ಆಗಬೇಕು, ಪ್ಲಾಸ್ಟಿಕ್ಕಿನದರ ಮೇಲೆ ನೀರು ಗುಂಡಾಗುತ್ತದೆ. ಪುಂಡಿ ಕುಂಚವನ್ನು ಬರೀ ನೀರಿನಲ್ಲಿ ಅದ್ದಿ ಎಳೆದರೆ ಗೆರೆ ಕಪ್ಪಾಗಿ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ, ಮತ್ತೆ ಎಳೆಯಬಹುದು. ಒಂದು ಕಾಳು ಅಕ್ಕಿಯೂ ಖರ್ಚಿಲ್ಲ. ಒಂದನೇ ತರಗತಿಯಲ್ಲಿ ಎಂಜಲು ಹಚ್ಚಿ ಒರೆಸಿ ಬೈಸಿಕೊಂಡ ಸ್ಲೇಟಿಗೆ ಇದಕ್ಕಿಂತ ಮರ್ಯಾದೆಯ ಕೆಲಸ ಇನ್ನೆಲ್ಲಿ.

ಆದರೆ ಶಾಲೆಯಲ್ಲಿ ಕಲಿತ ಒಂದು ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಕಾಪಿ ಬರೆಯುವಾಗ ಮಣಿಕಟ್ಟು ಊರಿ ಬೆರಳಷ್ಟೇ ಆಡಿಸುತ್ತೇವೆ. ಹಾಗೆ ಎಳೆದ ಗೆರೆ ಎರಡು ಅಂಗುಲ ದಾಟುತ್ತಲೇ ಬಿಲ್ಲಿನಂತೆ ಬಾಗುತ್ತದೆ, ಏಕೆಂದರೆ ಮಣಿಕಟ್ಟು ಕೈವಾರದ ಮುಳ್ಳಾಗಿ ನಿಂತುಬಿಡುತ್ತದೆ. ಬುಟ್ಟಿಯ ಉದ್ದಗೆರೆಗೆ ಕಿರುಬೆರಳು ಮಾತ್ರ ಮೈಗೆ ತಾಗಿಸಿ ಮೊಣಕೈಯಿಂದ ಎಳೆಯಬೇಕು. ಅಡ್ಡಗೆರೆಗೆ ಕೈ ನಿಲ್ಲಿಸಿ ಬುಟ್ಟಿಯನ್ನೇ ತಿರುಗಿಸಬೇಕು. ಮಗುಚಿದ ಬಿಂದಿಗೆಯ ಮೇಲೆ ಬುಟ್ಟಿ ಕವುಚಿ ಹಾಕಿದರೆ ಒಳ್ಳೆ ತಿರುಗಣೆ.

9 ದಿನ

ಹಸ್ತಾ ಮಳೆ ಹಿಡಿದಿದೆ. ಕೆಮ್ಮಣ್ಣಿನ ಮೂರು ಬಳಿತ ಮುಗಿಯಬೇಕಿತ್ತು, ಎರಡೇ ಆಗಿದೆ. ಒಂದು ಬಳಿತ ಪೂರ್ತಿ ಒಣಗದೆ ಮತ್ತೊಂದು ಬಳಿದರೆ ಕೆಳಗಿನದೂ ಎದ್ದು ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಸಣ್ಣ ಬುಟ್ಟಿಯ ಒಳಗೆ ಬೂಷ್ಟು ಕಂಡಿತು. ಒಣಬಟ್ಟೆಯಲ್ಲಿ ಒರೆಸಿ ಒಂದು ರಾತ್ರಿ ಒಲೆಯ ಬಳಿ ಇಟ್ಟಿದ್ದಕ್ಕೆ ಹೋಯಿತು.

6 ದಿನ

ಲೆಕ್ಕದ ದಿನ. ದೊಡ್ಡ ಬುಟ್ಟಿಯ ಬಾಯಿಯ ಸುತ್ತಳತೆ 112 ಸೆಂ.ಮೀ., ತಳದ್ದು 88. ಸುತ್ತ ಹನ್ನೆರಡು ಭತ್ತದ ಸಸಿ ಬರಬೇಕೆಂದರೆ ಒಂದೊಂದು ಸಸಿಯ ಮನೆ, ಅಂದರೆ ಅಂಕಣ, ಬಾಯಿಯಲ್ಲಿ 9.3, ತಳದಲ್ಲಿ 7.3 ಸೆಂ.ಮೀ. ಈ ಎರಡು ಸೆಂಟಿಮೀಟರನ್ನು ಮರೆತು ಮೇಲಿನ ಅಗಲವನ್ನೇ ಕೆಳಗೂ ಇಳಿಸಿದರೆ ಹತ್ತನೇ ಮನೆಗೆ ಬುಟ್ಟಿ ಮುಗಿದುಹೋಗುತ್ತದೆ, ಹನ್ನೊಂದು ಹನ್ನೆರಡಕ್ಕೆ ಜಾಗವಿಲ್ಲ. ಸ್ಕೇಲು ಬೇಕಿಲ್ಲ. ಬಾಯಿಯ ಸುತ್ತ ದಾರ ಹಿಡಿದು ಕತ್ತರಿಸಿ, ಮೂರು ಮಡಿಕೆ ಮಾಡಿ, ಅದನ್ನು ಎರಡು ಸಲ ಅರ್ಧಕ್ಕೆ ಮಡಿಸಿದರೆ ಹನ್ನೆರಡು. ಮಡಿಕೆಯ ಗುರುತಿಗೆಲ್ಲ ಸುಣ್ಣದ ಚುಕ್ಕಿ. ತಳಕ್ಕೆ ಬೇರೆ ದಾರ, ಅದೇ ಮಡಿಕೆ. ಮೇಲಿನ ಚುಕ್ಕಿಯಿಂದ ಕೆಳಗಿನ ಚುಕ್ಕಿಗೆ ದಾರ ಬಿಗಿಹಿಡಿದು ನೋಡಿದರೆ ಮನೆ ತಾನಾಗಿಯೇ ಕಿರಿದಾಗುತ್ತ ಇಳಿಯುತ್ತದೆ. ಸಣ್ಣ ಬುಟ್ಟಿಗೆ ಎಂಟೇ ಮನೆ. ಮೂರು ಮಡಿಕೆಯ ತಂಟೆಯಿಲ್ಲ, ಮೂರು ಸಲ ಅರ್ಧ ಮಾಡಿದರೆ ಮುಗಿಯಿತು. ಮಕ್ಕಳಿಗೆ ಅದನ್ನು ಕೊಟ್ಟಿದ್ದೂ ಅದಕ್ಕೇ. ವಿನ್ಯಾಸವನ್ನು ಅವರು ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಮೊದಲು ಬರೆದುಕೊಂಡಿದ್ದಾರೆ.

5 ದಿನ, ವಿಜಯದಶಮಿ

ಬಿಳಿ ಅರೆದಾಯಿತು. ಬೆಳ್ತಿಗೆ ಅಕ್ಕಿ ಎಂಟು ಗಂಟೆ ನೆನೆದಿರಬೇಕು. ದಿನಕ್ಕೆ ಬೇಕಾಗುವುದು ಎರಡೇ ಚಮಚ ಅಕ್ಕಿ, ಅಷ್ಟು ಮಿಕ್ಸಿಯ ಬ್ಲೇಡಿಗೆ ಸಿಗುವುದಿಲ್ಲ, ಗೋಡೆಗೆ ಹಾರಿ ಕೂರುತ್ತದೆ. ಅರೆಯುವ ಕಲ್ಲಿನಲ್ಲಿ ಕಾಲು ಗಂಟೆ. ಬೆರಳುಗಳ ನಡುವೆ ತಿಕ್ಕಿದರೆ ತರಿ ಸಿಗಬಾರದು. ಹಳೆ ಪಂಚೆಯಲ್ಲಿ ಸೋಸಿ, ಹಾಲಿನ ಕೆನೆಯಷ್ಟು ಗಟ್ಟಿ ಇಟ್ಟುಕೊಳ್ಳುವುದು. ನಾಳೆಗೂ ಇರಲಿ ಎಂದು ಹೆಚ್ಚು ಅರೆಯಬಾರದು. ಹುಳಿ ಬಂದ ಹಿಟ್ಟಿನಲ್ಲಿ ಗುಳ್ಳೆ ಏಳುತ್ತದೆ, ಒಣಗಿದ ಎಳೆಯಲ್ಲಿ ಗುಳ್ಳೆ ಒಡೆದ ಕಡೆಯೆಲ್ಲ ಚುಕ್ಕಿ ಚುಕ್ಕಿ ಕೆಂಪು ಇಣುಕುತ್ತದೆ.

ಹಸಿ ಇರುವಾಗ ಎಳೆ ಮಂಕಾಗಿಯೇ ಇರುತ್ತದೆ, ಒಣಗಿದ ಮೇಲೆ ಬಿಳುಪು ಏಳುತ್ತದೆ. ಇದು ಗೊತ್ತಿಲ್ಲದವರು ಮಂಕಾಯಿತೆಂದು ಮೇಲೆ ಮತ್ತೊಂದು ಎಳೆ ಎಳೆಯುತ್ತಾರೆ. ಎಳೆ ದಪ್ಪವಾಗಿ ಒಣಗಿ ಉದುರುತ್ತದೆ.

ಕಪ್ಪಿಗೆ ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಹೊಗೆ ನಿಲ್ಲುವ ತನಕ ಹುರಿದು, ನೆನೆಸಿ ಅರೆದಿದ್ದು. ಅರ್ಧಂಬರ್ಧ ಹುರಿದರೆ ಬರುವುದು ಕಾಫಿ ಬಣ್ಣ. ಪೂರ್ತಿ ಕರಕಲಾದರೆ ಅಕ್ಕಿಯ ಅಂಟು ಸುಟ್ಟುಹೋಗಿರುತ್ತದೆ, ಒಣಗಿದ ಮೇಲೆ ಊದಿದರೆ ಹಾರುತ್ತದೆ. ಅದಕ್ಕೆ ಗಂಜಿ ತಿಳಿಯಲ್ಲೇ ಕಲಸಬೇಕು. ಬಿಳಿ ಹಿಟ್ಟಿನಲ್ಲಿ ಕಲಸಿದರೆ ಬೂದಿ ಬಣ್ಣ. ಚಿತ್ತಾರದ ಹಳದಿ ಗುರಿಗೆ ಕಾಯಿಯದು, ಈ ಬುಟ್ಟಿಗಳಿಗೆ ಅದನ್ನು ಹಾಕಿಲ್ಲ.

3 ದಿನ

ದೊಡ್ಡ ಬುಟ್ಟಿಯ ಬಾಯಿಗೆ ಜೋಡೆಳೆ, ಕೆಳಗೆ ಭತ್ತದ ಸಸಿಯ ಸಾಲು, ನಡುವೆ ಏಣಿ, ಗಾಡಿ, ಸೂರ್ಯ ಚಂದ್ರ, ತಳದ ಹತ್ತಿರ ಇರುವೆ ಸಾಲು. ಇರುವೆಗೆ ಕುಂಚ ಬೇಡ, ತೆಂಗಿನ ಗರಿಯ ಕಡ್ಡಿಯ ತುದಿ ಜಜ್ಜಿ ಮೂರು ಚುಕ್ಕಿ ಇಟ್ಟರಾಯಿತು.

ತಪ್ಪು ಒಂದು, ಅದೂ ನಗೆಪಾಟಲಿನದು. ಬಿಂದಿಗೆಯ ಮೇಲೆ ಕವುಚಿದ ಬುಟ್ಟಿಯಲ್ಲಿ ಬಾಯಿ ಕೆಳಗಿರುತ್ತದೆ ಎಂಬುದು ಮರೆತು ನಾಲ್ಕು ಮನೆಗಳಲ್ಲಿ ಸಸಿ ತಲೆಕೆಳಗಾಗಿ ಬೆಳೆದಿತ್ತು. ಹಸಿ ಇರುವಾಗ ಬಟ್ಟೆಯಲ್ಲಿ ಒರೆಸಲು ಹೋದರೆ ಕೆಮ್ಮಣ್ಣೂ ಎದ್ದು ಬಿಳಿಚಿಕೊಂಡ ಕಲೆ ಉಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಬಿದಿರ ಚಕ್ಕೆಯಿಂದ ಮೆಲ್ಲಗೆ ಕೆರೆದು, ಕೆಮ್ಮಣ್ಣಿನ ತಿಳಿ ತೀಡಿ, ಅದು ಒಣಗಿದ ಮೇಲೆ ಮತ್ತೆ ಬರೆಯಬೇಕು. ಅರ್ಧ ದಿನ ಹೋಯಿತು. ಈಗ ಬುಟ್ಟಿಯ ತಳಕ್ಕೆ ‘ಬೇರು’ ಎಂದು ಸುಣ್ಣದಲ್ಲಿ ಬರೆದ ಚೀಟಿ ಅಂಟಿಸಿದೆ.

2 ದಿನ

ರಾತ್ರಿ ಜಿರಲೆ ಬಂದು ಎರಡು ಮನೆಗಳ ಎಳೆ ಮೇದಿದೆ. ಅಕ್ಕಿಹಿಟ್ಟು ಯಾರಿಗೆ ಬೇಡ? ಗೋಡೆಗೆ ತಾಗದ ಹಾಗೆ ಜಂತಿಯಿಂದ ಹಗ್ಗದಲ್ಲಿ ತೂಗುಹಾಕಿ, ಹಗ್ಗದ ನಡುವೆ ಬೇವಿನೆಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿದ ಮೇಲೆ ಇರುವೆಯೂ ಇಳಿದಿಲ್ಲ. ಇದನ್ನು ಮೊದಲ ರಾತ್ರಿಯೇ ಮಾಡಬೇಕಿತ್ತು.

ಮಕ್ಕಳ ಬುಟ್ಟಿ ಮುಗಿದಿದೆ. ಎಳೆಗಳು ದೊಡ್ಡದಕ್ಕಿಂತ ಸೊಟ್ಟ, ಆದರೆ ಎಂಟೂ ಮನೆ ಸರಿಯಾಗಿ ಕೂತಿವೆ.

ಹುಣ್ಣಿಮೆ

ಹೊಡೆ ಬಿಚ್ಚುವ ಹೊತ್ತಿನ ಭತ್ತಕ್ಕೆ ಬಸುರಿಯ ಬಯಕೆಯ ಊಟ ಒಯ್ಯುವ ಬುಟ್ಟಿ ಇದು, ಖಾಲಿ ಹೋಗುವುದಿಲ್ಲ. ಕಡುಬು, ಚಿತ್ರಾನ್ನ, ಪಾಯಸ, ಸೊಪ್ಪುಗಳ ಹಚ್ಚಂಬಲಿ, ಎಲ್ಲವೂ ರಾತ್ರಿಯಿಡೀ ಬೆಂದ ಬಿಸಿ ಅಡುಗೆ. ಹಬೆ ತಾಗಿದರೆ ಒಳಗಿನ ಸಗಣಿ ಮೆತ್ತಗಾಗಿ ಹೊರಗಿನ ಎಳೆಯವರೆಗೆ ತೇವ ಬರುತ್ತದೆ. ಬಾಡಿಸಿದ ಬಾಳೆಲೆ ಎರಡು ಸುತ್ತು ಹಾಸಿ, ಕಡುಬು ಅರ್ಧ ಗಂಟೆ ಆರಿದ ಮೇಲೆ ತುಂಬಿದ್ದು. ಪಾಯಸ, ಹಚ್ಚಂಬಲಿ ಮುಚ್ಚಳದ ಪಾತ್ರೆಯಲ್ಲೇ ಇರಲಿ. ಹೊರುವವರ ತಲೆಯ ಸಿಂಬೆ ಒಣಗಿರಬೇಕು, ಒದ್ದೆ ಸಿಂಬೆ ತಳದ ಇರುವೆ ಸಾಲನ್ನೆಲ್ಲ ಅಳಿಸುತ್ತದೆ. ನಸುಕಿನ ಇಬ್ಬನಿಗೆ ಮೇಲೊಂದು ಹೊಸ ಪಂಚೆ ಮುಚ್ಚಿತ್ತು. ಆದರೂ ಗದ್ದೆ ಬದುವಿನ ಹುಲ್ಲು ಸವರಿದ ಬದಿಯಲ್ಲಿ ಎರಡು ಸಸಿ ಮಸುಕಾಗಿವೆ.

ಮನೆಗೆ ಬಂದ ಮೇಲೆ ತೊಳೆಯಬಾರದು. ಬಾಳೆಲೆ ತೆಗೆದು, ಒಣಬಟ್ಟೆಯಲ್ಲಿ ಒಳಗೆ ಒರೆಸಿ, ಎರಡು ದಿನ ಒಲೆಯ ಮೇಲೆ ಇಟ್ಟು, ಆಮೇಲೆ ಅಟ್ಟಕ್ಕೆ. ಉಳಿದ ಪುಂಡಿ ನಾರನ್ನು ಜಡೆ ಹೆಣೆದು ದೊಡ್ಡ ಬುಟ್ಟಿಯೊಳಗೇ ಇಟ್ಟಿದೆ.