ಹಪ್ಪಳವಾಗೋ ಪ್ಯಾಡು

ಬೆನ್ನುಹುರಿಗೆ ಪೆಟ್ಟಾದವರ ಕಾಲಿಗೆ ಕರೆಂಟ್ ಕೊಟ್ಟು ಪೆಡಲ್ ತುಳಿಸೋ ಎಫ್‌ಇಎಸ್ ಸೈಕಲ್ಲಿಗೆ ರಾಯಚೂರಿನ ಮೇ ಬಿಸಿಲು ಆಗಿಬರಲ್ಲ. ಕರೆಂಟ್ ಹರಿಸೋಕೆ ಚರ್ಮಕ್ಕೆ ಅಂಟಿಸೋ ಜೆಲ್ ಪ್ಯಾಡು ಹಪ್ಪಳದಂಗೆ ಒಣಗಿ ಅಂಚು ಏಳುತ್ತೆ. ಆಗ ಕರೆಂಟೆಲ್ಲ ಅಂಟಿರೋ ಚೂರು ಜಾಗದಲ್ಲೇ ಹರಿದು ಚರ್ಮ ಸುಡುತ್ತೆ, ಸ್ಪರ್ಶವಿಲ್ಲದ ಕಾಲಿಗೆ ಆ ಉರಿ ಗೊತ್ತೂ ಆಗಲ್ಲ. ಪ್ಯಾಡ್ ತೆಗೆದ ಕೂಡಲೇ ಚರ್ಮ ನೋಡಿ. ಪ್ಯಾಡಿಗೆ ಎರಡು ಹನಿ ನೀರು ಸವರಿ, ಅದರ ಪ್ಲಾಸ್ಟಿಕ್ ಹಾಳೆಗೇ ಅಂಟಿಸಿ ಡಬ್ಬಿಯಲ್ಲಿಡಿ.

ಒಂದೊಂದು ಕಾಲಿಗೆ ತೊಡೆ ಮುಂದೆ ಎರಡು ಪ್ಯಾಡು, ಹಿಂದೆ ಎರಡು, ಪೃಷ್ಠಕ್ಕೆ ಎರಡು. ಕರೆಂಟಿನ ಮಿಡಿತ ಸಾಮಾನ್ಯವಾಗಿ ಸೆಕೆಂಡಿಗೆ 30ರಿಂದ 50 (ಹರ್ಟ್ಜ್). ಕರೆಂಟಿನ ಪ್ರಮಾಣ, ಅಂದ್ರೆ ಮಿಲಿಆಂಪ್ ಮಾತ್ರ ನಿಧಾನಕ್ಕೆ ಏರಿಸಬೇಕು. ಶುರುವಿನಲ್ಲಿ ಐದು ನಿಮಿಷಕ್ಕೇ ಕಾಲು ಸೋತರೆ ಮೆಷಿನ್ ಬೈಯಬೇಡಿ. ಹೊರಗಿನ ಕರೆಂಟು ಸ್ನಾಯುವಿನ ನಾರುಗಳನ್ನ ಒಟ್ಟಿಗೇ ಎಬ್ಬಿಸುತ್ತೆ, ಮೆದುಳಿನಂಗೆ ಪಾಳಿ ಹಚ್ಚಲ್ಲ. (ಆ ಪಾಳಿ ಕೆಲಸ ನಡೀತಿತ್ತು ಅನ್ನೋದೇ ನಿಂತ ಮೇಲೆ ತಿಳಿಯೋದು.) ಸ್ನಾಯುವಿಗೆ ಬರೋ ನರವೇ ಸತ್ತಿದ್ದರೆ ಈ ಸೈಕಲ್ ಕೆಲಸ ಮಾಡಲ್ಲ, ದುಡ್ಡು ಹಾಕೋ ಮುಂಚೆ ಪರೀಕ್ಷೆ ಮಾಡಿಸಿ.

ಗಾಯ ಟಿ6 (ಎದೆಭಾಗದ ಆರನೇ ಬೆನ್ನೆಲುಬಿನ ಮಟ್ಟ) ಅಥವಾ ಅದಕ್ಕಿಂತ ಮೇಲಿದ್ದರೆ, ಮೂತ್ರ ಕಟ್ಟಿಕೊಂಡು ಬಿಪಿ ಏರಬಹುದು, ಅದಕ್ಕೆ ಮೊದಲು ಯೂರಿನ್ ಬ್ಯಾಗ್ ಖಾಲಿ ಮಾಡಿ, ಪೈಪ್ ಮಡಚಿದೆಯಾ ನೋಡಿ. ತಲೆ ಸಿಡಿತ, ಮುಖದಲ್ಲಿ ಬೆವರು, ಬಿಪಿ ಏರಿಕೆ ಕಂಡರೆ ತಕ್ಷಣ ಆಫ್, ನೆಟ್ಟಗೆ ಕೂರಿಸಿ, ಡಾಕ್ಟರಿಗೆ ಫೋನ್. ಗಾಯದ ಕೆಳಗೆ ಮೈ ಸರಿಯಾಗಿ ಬೆವರಲ್ಲ, ಅದಕ್ಕೆ ಬಿಸಿಲೇರೋ ಮುಂಚೆ ಬೆಳಿಗ್ಗೆ ಏಳರೊಳಗೇ ಮುಗಿಸೋದು ಚೊಲೋ. ಆಮೇಲೆ ಕರೆಂಟ್ ಹೋದರೆ ಫ್ಯಾನೂ ಇರಲ್ಲ.